ಪರನಾಡಿನ ಅಂಗಳದಲ್ಲಿ ಸೀಬೆ ಫಲಿಸಬೇಕಾದರೆ



ಭಾಷೆ, ಗಡಿ, ಶಿಕ್ಷಣಗಳ ಚರ್ಚೆಗೆ ಮೀಸಲಾದ ಈ ವೇದಿಕೆಯಿಂದ ಸೀಬೆಗಿಡವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲೆಸಿದ ನಮ್ಮವರ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಕೊರಗೊಂದಿದೆ: ಊರಿನಿಂದ ತಂದು ನೆಟ್ಟ ಗಿಡ ಸೊಂಪಾಗಿ ಬೆಳೆದಿದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಐದಾರು ವರ್ಷ ಕಾದು, ಗೊಡ್ಡು ಗಿಡವೆಂದು ಕಡಿದುಹಾಕಿದವರೂ ಉಂಟು. ಕೊಡಲಿ ಎತ್ತುವ ಮುನ್ನ ಕೇಳಬೇಕಾದ ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಮೈಸೂರಿನವರು ಸೀಬೆಯೆಂದೂ ಧಾರವಾಡದವರು ಪೇರಲವೆಂದೂ ಕರಾವಳಿಯವರು ಪೇರಳೆಯೆಂದೂ ಮಲಯಾಳಿಗಳು ಪೇರಯ್ಕವೆಂದೂ ಕರೆಯುವ ಈ ಹಣ್ಣು ಮೂಲತಃ ಉಷ್ಣವಲಯದ ಅಮೆರಿಕದ್ದು. ಕಡಲು ದಾಟಿ ಬಂದ ಗಿಡಕ್ಕೆ ಕೇರಳದ ಮಣ್ಣು ಒಗ್ಗುವುದಿಲ್ಲವೆಂಬ ಮಾತು ನಿಲ್ಲುವುದಿಲ್ಲ. ತೊಡಕು ಮಣ್ಣಿನದಕ್ಕಿಂತ ಮಳೆಯದು.

ಸೀಬೆಯ ಹೂವು ಹಳೆಯ ಕೊಂಬೆಯಲ್ಲಿ ನೇರವಾಗಿ ಅರಳುವುದಿಲ್ಲ. ಆ ಋತುವಿನಲ್ಲಿ ಹೊಸದಾಗಿ ಚಿಗುರಿದ ರೆಂಬೆಯ ಎಲೆಗಳ ಬುಡದಲ್ಲಿ ಮೂಡುತ್ತದೆ. ಬಯಲುಸೀಮೆಯ ತೋಟಗಾರರು ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಲು ಬಿಟ್ಟು, ಅನಂತರ ಗೊಬ್ಬರವನ್ನೂ ನೀರನ್ನೂ ಕೊಟ್ಟು, ಒಮ್ಮೆಗೇ ಚಿಗುರನ್ನೂ ಹೂವನ್ನೂ ಬರಿಸುತ್ತಾರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1000 ಮಿಲಿಮೀಟರ್. ತಿರುವನಂತಪುರದಲ್ಲಿ ಸುಮಾರು 1800, ಕೊಚ್ಚಿಯಲ್ಲಿ ಸುಮಾರು 3000. ಜೂನ್ ತಿಂಗಳ ಮುಂಗಾರಿನಿಂದ ಅಕ್ಟೋಬರ್, ನವೆಂಬರ್‌ಗಳ ತುಲಾವರ್ಷದವರೆಗೆ ಬಾಯಾರಿಕೆಯನ್ನೇ ಅರಿಯದ ಗಿಡ ಎಲೆಯನ್ನೇ ಬೆಳೆಸುತ್ತದೆ. ಮುಂಗಾರಿನಲ್ಲಿ ಬಿಟ್ಟ ಹೂವಿಗೂ ಪರಾಗ ಮಳೆಯಲ್ಲಿ ತೊಳೆದುಹೋಗುತ್ತದೆ, ಜೇನುನೊಣ ಹಾರುವುದಿಲ್ಲ. ಅಲ್ಲಿ ಒಣಹವೆ ಮಾಡುವ ಕೆಲಸವನ್ನು ಇಲ್ಲಿ ಕತ್ತರಿಯೂ ಹಗ್ಗವೂ ಮಾಡಬೇಕು.

ಕತ್ತರಿಯ ಕೆಲಸ ಸುಲಭ. ಮಳೆ ತಗ್ಗುವ ಹೊತ್ತಿಗೆ, ಅಂದರೆ ಕೊಚ್ಚಿಯಲ್ಲಿ ಸೆಪ್ಟೆಂಬರ್ ಕೊನೆಗೆ, ತುಲಾವರ್ಷದ ಪಾಲು ಹೆಚ್ಚಿರುವ ತಿರುವನಂತಪುರದಲ್ಲಿ ಎರಡು ಮೂರು ವಾರ ತಡೆದು, ರೆಂಬೆಗಳ ತುದಿಯ ಮೂರನೆಯ ಒಂದು ಭಾಗವನ್ನು ಕತ್ತರಿಸಬೇಕು. ಒಣಗಿದ, ಒಳಗೆ ಹೆಣೆದುಕೊಂಡ ಕೊಂಬೆಗಳನ್ನು ತೆಗೆಯಬೇಕು. ಹಗ್ಗದ ಉಪಾಯ ಪಶ್ಚಿಮ ಬಂಗಾಳದ ಬೆಳೆಗಾರರಲ್ಲಿ ರೂಢಿಯಲ್ಲಿದೆ: ನೆಟ್ಟಗೆ ಬೆಳೆದ ಕೊಂಬೆಯನ್ನು ಮುರಿಯದಂತೆ ಬಗ್ಗಿಸಿ, ತುದಿಯ ಕೆಲವು ಎಲೆಗಳನ್ನುಳಿದು ಮಿಕ್ಕವನ್ನು ಸವರಿ, ನೆಲದ ಗೂಟಕ್ಕೆ ಕಟ್ಟುವುದು. ಕೆಲವೇ ವಾರಗಳಲ್ಲಿ ಕೊಂಬೆಯುದ್ದಕ್ಕೂ ಚಿಗುರೊಡೆದು ಹೂವು ಕಾಣುತ್ತದೆ. ಹೂವಿನಿಂದ ಹಣ್ಣಿಗೆ ನಾಲ್ಕೈದು ತಿಂಗಳು ಬೇಕು. ಆದುದರಿಂದ ಹಣ್ಣು ಬೇಸಿಗೆಯ ಒಣ ದಿನಗಳಲ್ಲಿ ಕೈಸೇರುತ್ತದೆ. ಕಾಯಿ ಕಚ್ಚಿದ ಮೇಲೆ ನೀರು ತಪ್ಪಿಸಬಾರದು. ತಪ್ಪಿದರೆ ಎಳೆಗಾಯಿ ಉದುರುತ್ತದೆ.

ಉಳಿದ ಕಾರಣಗಳು ಅಂಗಳದಲ್ಲಿಯೇ ಇವೆ. ತೆಂಗಿನ ನೆರಳಿನಲ್ಲೋ ಕಾಂಪೌಂಡ್ ಗೋಡೆಯ ಮರೆಯಲ್ಲೋ ನೆಟ್ಟ ಸೀಬೆ ಹೂಬಿಡಲಾರದು. ಅದಕ್ಕೆ ಪೂರ್ಣ ಬಿಸಿಲು ಬೇಕು. ಕೊಚ್ಚಿಯ ತಗ್ಗುನೆಲದಲ್ಲಿ ನೀರು ಬುಡದಲ್ಲಿ ನಿಲ್ಲದಂತೆ ದಿಬ್ಬದ ಮೇಲೆ ನೆಡಬೇಕು. ತಿರುವನಂತಪುರದ ಜಂಬುಮಣ್ಣಿನ ಹುಳಿಗುಣಕ್ಕೆ ಸುಣ್ಣ ಹಾಕಬೇಕು. ಯೂರಿಯಾ ಹೆಚ್ಚಾದಷ್ಟೂ ಎಲೆ ಹೆಚ್ಚು, ಹೂವು ಕಡಿಮೆ. ಬೀಜದ ಸಸಿ ತಾಯಿಗಿಡದ ಗುಣವನ್ನು ಉಳಿಸಿಕೊಳ್ಳುವುದೆಂಬ ಭರವಸೆಯಿಲ್ಲ. ಅದು ಫಲಿಸುವುದೂ ತಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಲಹಾಬಾದ್ ಸಫೇದದ ಸಸಿಗಳಿಂದ ಆರಿಸಿದ, ಮೆತ್ತನೆಯ ಬೀಜದ ಅರ್ಕ ಮೃದುಲದಂಥ ತಳಿಯ ಕಸಿಗಿಡವನ್ನೇ ತರುವುದು ಲೇಸು.

ಗಿಡವನ್ನು ಊರಿನಿಂದ ತರೋಣ. ಪಂಚಾಂಗವನ್ನು ಇಲ್ಲಿಯವರಿಂದಲೇ ಕಲಿಯಬೇಕು. ಕೇರಳದಲ್ಲಿ 1987ರಲ್ಲಿ ಕೃಷಿಭವನಗಳು ಆರಂಭವಾದವು. ವೆಳ್ಳಾಯಣಿಯಲ್ಲಿ ಕೃಷಿ ಕಾಲೇಜಿದೆ, ವೆಳ್ಳಾನಿಕ್ಕರದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಹಣ್ಣುನೊಣವನ್ನು ಹಿಡಿಯಲು ಜಜ್ಜಿದ ತುಳಸಿ ಎಲೆಯನ್ನು ಗರಟೆಯಲ್ಲಿಟ್ಟು ತೂಗುವ 'ತುಳಸಿಕ್ಕೆಣಿ' ಈ ನಾಡಿನ ಮನೆಮನೆಯ ವಿದ್ಯೆ. ಆ ಎಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಗಂಡು ನೊಣಗಳನ್ನು ಸೆಳೆಯುತ್ತದೆ. ಇಷ್ಟೆಲ್ಲ ಬಾಗಿಲಲ್ಲಿದ್ದರೂ, ಮಲಯಾಳದಲ್ಲಿ ಮಾತನಾಡಬೇಕಾಗುತ್ತದೆಂಬ ಅಳುಕಿನಿಂದ ನಮ್ಮವರು ಕೃಷಿಭವನದ ಮೆಟ್ಟಿಲು ಹತ್ತುವುದಿಲ್ಲ. ಇಲ್ಲಿ ಮನೆ ಕಟ್ಟಿ, ತೆರಿಗೆ ಕೊಟ್ಟು, ಮತ ಚಲಾಯಿಸುವ ನಾವು ಅತಿಥಿಗಳಲ್ಲ. ನೆರೆಯವರ ಭಾಷೆಯಲ್ಲಿ ಕೇಳಿ ತಿಳಿದುಕೊಂಡ ಮಾತ್ರಕ್ಕೆ ನಮ್ಮ ಕನ್ನಡ ಸವೆಯುವುದೂ ಇಲ್ಲ. ಮನೆಯೊಳಗೆ ಆಡದೆ ಬಿಟ್ಟರೆ ಅದು ಸವೆಯುತ್ತದೆ.

ಆದುದರಿಂದ ನನ್ನ ಕೋರಿಕೆ ಇಷ್ಟೇ. ಈ ವರ್ಷ ಯಾರೂ ಸೀಬೆಗಿಡವನ್ನು ಬುಡಸಮೇತ ಕಡಿಯದಿರಿ. ಮಕ್ಕಳ ಕೈಗೆ ಕತ್ತರಿ ಕೊಟ್ಟು, ಕೊಂಬೆ, ಚಿಗುರು, ಮೊಗ್ಗು, ಹೀಚು ಎಂಬ ಮಾತುಗಳನ್ನು ಗಿಡದ ಬಳಿಯಲ್ಲಿಯೇ ಹೇಳಿಕೊಡಿ. ಬೇಸಿಗೆಯಲ್ಲಿ ಹಣ್ಣಾದರೆ ಮೊದಲನೆಯದನ್ನು ಪಕ್ಕದ ಮನೆಗೆ ಕಳುಹಿಸಿಕೊಡಿ.