ಔಚಿತ್ಯದ ಊಟ

ಊಟದ ವಿಚಾರ ಮಾತನಾಡುವುದು ಹಗುರವಾದ ಕೆಲಸವೆಂದು ನಮ್ಮಲ್ಲಿ ಕೆಲವರು ಭಾವಿಸುವುದುಂಟು. ನಮ್ಮ ಹಿರಿಯರು ಹಾಗೆ ತಿಳಿದವರಲ್ಲ. ಕಾವ್ಯಮೀಮಾಂಸೆಯ ಮುಖ್ಯ ಪದವಾದ ‘ರಸ’ವೇ ಮೊದಲು ನಾಲಗೆಗೆ ಸೇರಿದ್ದು. ರಸವೆಂದರೇನೆಂದು ಹೇಳಹೊರಟ ಭರತಮುನಿ, ನಾನಾ ವ್ಯಂಜನಗಳೊಡನೆ ಅನ್ನವನ್ನು ಸವಿಯುವವನ ದೃಷ್ಟಾಂತವನ್ನೇ ಕೊಟ್ಟನು. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲಿಯೇ ರಚಿಸಿದನು. ಆದುದರಿಂದ ಫ್ರಾನ್ಸ್ ದೇಶದ ಒಂದು ಪ್ರಸಿದ್ಧ ಊಟಶಾಲೆಯ ಕಥೆಯನ್ನು ತಮ್ಮ ಮುಂದಿಡಲು ನನಗೆ ಸಂಕೋಚವಿಲ್ಲ.

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಬ್ರಿಟಾನಿ ಎಂಬ ಪ್ರಾಂತವಿದೆ. ಅದರ ಉತ್ತರ ಕರಾವಳಿಯಲ್ಲಿ ಕಾಂಕಾಲ್ ಎಂಬ ಸಣ್ಣ ಬೆಸ್ತರ ಊರು. ಅಲ್ಲಿಯ ಕೊಲ್ಲಿಯ ಉಬ್ಬರವಿಳಿತ ಯೂರೋಪಿನಲ್ಲಿಯೇ ಅತಿ ದೊಡ್ಡವುಗಳಲ್ಲೊಂದು. ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಸುಮಾರು 14 ಮೀಟರು ಏರಿಳಿಯುತ್ತದೆ. ನೀರು ಇಳಿದಾಗ ಸಿಂಪಿಗಳನ್ನು ಸಾಕುವ ಪಾತಿಗಳು ಗದ್ದೆಗಳಂತೆ ಬಯಲಾಗುತ್ತವೆ.

ಕಾಂಕಾಲಿನ ನೆರೆಯಲ್ಲಿಯೇ ಸೇಂ ಮಾಲೊ ಬಂದರು. ಫ್ರೆಂಚರ ಈಸ್ಟ್ ಇಂಡಿಯಾ ಕಂಪನಿ 1664ರಲ್ಲಿ ಸ್ಥಾಪಿತವಾದ ಮೇಲೆ ಈ ಊರಿನ ನಾವಿಕರು ನಮ್ಮ ಸಮುದ್ರಗಳಿಗೆ ಬಂದುಹೋದರು. 1699ರಲ್ಲಿ ಅಲ್ಲಿ ಹುಟ್ಟಿದ ಲಾ ಬೂರ್ದೊನೆ ಎಂಬಾತನು 1725ರಲ್ಲಿ ಮಲಬಾರಿನ ಮಾಹೆಯನ್ನು ಫ್ರೆಂಚರು ಗೆದ್ದಾಗ ಆ ದಂಡಿನಲ್ಲಿದ್ದನು. 1746ರಲ್ಲಿ ಮದರಾಸನ್ನೇ ಹಿಡಿದನು. ಮಾಹೆ ಅವರಿಗೆ ಬೇಕಾದದ್ದು ಮೆಣಸಿಗಾಗಿ. 1954ರಲ್ಲಿ ಫ್ರೆಂಚರು ಅದನ್ನು ಬಿಟ್ಟುಹೋದರು. ಆ ವ್ಯಾಪಾರವು ಪುಣ್ಯದ ಬಾಬಲ್ಲ. ಸೇಂ ಮಾಲೊದ ಹಡಗಿನ ಒಡೆಯರಲ್ಲಿ ಗುಲಾಮರನ್ನು ಸಾಗಿಸಿದವರೂ ಇದ್ದರು. ಮಸಾಲೆಯ ಪರಿಮಳದೊಡನೆ ಈ ಮಾತನ್ನೂ ನೆನಪಿಟ್ಟುಕೊಳ್ಳಬೇಕು.

ಈ ಕಾಂಕಾಲಿನಲ್ಲಿ 1955ರಲ್ಲಿ ಒಲಿವಿಯೆ ರೊಲೆಂಜೆ ಜನಿಸಿದರು. ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಅವರನ್ನು 1976ರ ಒಂದು ರಾತ್ರಿ ಪುಂಡರ ಗುಂಪೊಂದು ನಿಷ್ಕಾರಣವಾಗಿ ಹೊಡೆದು ಕೆಡವಿತು. ಬಹುಕಾಲ ಅವರು ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. ಚೇತರಿಸಿಕೊಂಡ ಮೇಲೆ ಅವರು ಹಿಡಿದದ್ದು ಸೌಟನ್ನು. 1982ರಲ್ಲಿ ಪತ್ನಿ ಜೇನ್ ಅವರೊಡನೆ, ತಾವು ಬಾಲ್ಯ ಕಳೆದ 18ನೆಯ ಶತಮಾನದ ಮನೆಯಲ್ಲಿಯೇ ಊಟಶಾಲೆ ತೆರೆದರು. ಅದಕ್ಕೆ ಬ್ರಿಕೂರ್ ಮನೆ ಎಂದು ಹೆಸರಾಯಿತು.

ಅವರಿಗೆ ಕೀರ್ತಿ ತಂದ ಅಡುಗೆಯ ಹೆಸರು ‘ಇಂಡೀಸಿನಿಂದ ಮರಳಿದ ಸೇಂ ಪಿಯೆರ್’. ಸೇಂ ಪಿಯೆರ್ ಎಂಬುದು ಒಂದು ಮೀನು. ಅದರ ಪಕ್ಕೆಯ ಕಪ್ಪು ಮಚ್ಚೆ ಸಂತ ಪೀಟರನ ಹೆಬ್ಬೆರಳಿನ ಗುರುತೆಂದು ಅಲ್ಲಿಯ ಐತಿಹ್ಯ. ಆ ಮೀನಿಗೆ ಹಿಂದೆ ಹಡಗುಗಳಲ್ಲಿ ಬಂದಿಳಿಯುತ್ತಿದ್ದಂಥ ಹದಿನಾಲ್ಕು ಮಸಾಲೆಗಳ ಪುಡಿಯನ್ನು ಅವರು ಜೊತೆಗೂಡಿಸಿದರು. ಅರಿಸಿನ, ಕೊತ್ತಂಬರಿ, ಜೀರಿಗೆ, ಜಾಪತ್ರೆ ಇವೆಲ್ಲ ನಮ್ಮ ಗೃಹಿಣಿಯರ ಒಲೆಯ ಪಕ್ಕದ ಡಬ್ಬಿಗಳಲ್ಲಿರುವುವೇ. ನಮಗೆ ಇದೇನು ಹೊಸತೆನ್ನಿಸಬಹುದು. ಫ್ರೆಂಚರಿಗೆ ಅದು ಹೊಸತು. ಮಧ್ಯಯುಗದಲ್ಲಿ ಮಸಾಲೆಯನ್ನು ಧಾರಾಳವಾಗಿ ಬಳಸುತ್ತಿದ್ದ ಅವರ ಶ್ರೀಮಂತ ಪಾಕಶಾಲೆ 17ನೆಯ ಶತಮಾನದಿಂದೀಚೆಗೆ ಅದನ್ನು ಬಹುಮಟ್ಟಿಗೆ ತೊರೆದು, ಬೆಣ್ಣೆಯನ್ನೂ ಹಸುರೆಲೆಗಳನ್ನೂ ನೆಚ್ಚಿತ್ತು. ರೊಲೆಂಜೆಯವರು ಹಳೆಯ ನೆಂಟನನ್ನು ಮತ್ತೆ ಮನೆಯೊಳಕ್ಕೆ ಕರೆದರು.

ಕರೆದ ರೀತಿಯನ್ನು ಗಮನಿಸಬೇಕು. ಈಗತಾನೆ ಕಡಲಿನಿಂದ ಬಂದ ಮೀನಿನ ರುಚಿ ಬಹಳ ನವುರಾದದ್ದು. ಮಸಾಲೆ ಒಂದು ಚಿಟಿಕೆ ಹೆಚ್ಚಾದರೂ ಮೀನು ಮರೆಯಾಗುತ್ತದೆ. ಅಲ್ಲಿ ಮಸಾಲೆ ಗಾಯಕನಲ್ಲ, ಶ್ರುತಿ. ಉಣ್ಣುವ ಕ್ರಮವೂ ಇದಕ್ಕೆ ಅನುಕೂಲ. ನಮ್ಮ ಬಾಳೆಲೆಯ ಮೇಲೆ ಉಪ್ಪಿನಕಾಯಿಯಿಂದ ಪಾಯಸದವರೆಗೆ ಎಲ್ಲವೂ ಒಟ್ಟಿಗೆ ನೆರೆಯುತ್ತವೆ. ಒಂದು ಕಾಲಕ್ಕೆ ಫ್ರೆಂಚರ ಔತಣದಲ್ಲಿಯೂ ಹಲವು ಭಕ್ಷ್ಯಗಳು ಒಮ್ಮೆಲೇ ಮೇಜು ತುಂಬುತ್ತಿದ್ದವು. 19ನೆಯ ಶತಮಾನದಲ್ಲಿ ರಷ್ಯದ ಪದ್ಧತಿ ಬಂದು, ಒಂದಾದ ಮೇಲೊಂದು ತಟ್ಟೆ ಬಡಿಸುವುದು ರೂಢಿಯಾಯಿತು. ಒಂದು ರುಚಿ ಮುಗಿದು ಮೌನ ಕವಿದ ಮೇಲೆ ಮತ್ತೊಂದು ರುಚಿ.

ಫ್ರಾನ್ಸಿನಲ್ಲಿ ಊಟಶಾಲೆಗಳಿಗೆ ನಕ್ಷತ್ರ ಕೊಡುವುದು ಮಿಷೆಲಿನ್ ಎಂಬ ಟಯರು ಕಂಪನಿಯ ಕೈಪಿಡಿ. 1900ರಲ್ಲಿ ಮೋಟಾರು ಪ್ರಯಾಣಿಕರಿಗಾಗಿ ಹೊರಟ ಈ ಪುಸ್ತಕ 1926ರಲ್ಲಿ ನಕ್ಷತ್ರಗಳನ್ನು ಕೊಡತೊಡಗಿತು. ಮೂರು ನಕ್ಷತ್ರವೆಂದರೆ ಆ ಊಟಕ್ಕಾಗಿಯೇ ಪ್ರಯಾಣ ಮಾಡಬಹುದೆಂದು ಅರ್ಥ. 2006ರಲ್ಲಿ ಬ್ರಿಕೂರಿಗೆ ಆ ಮೂರನೆಯ ನಕ್ಷತ್ರ ದೊರೆಯಿತು. ಎರಡೇ ವರ್ಷಗಳಲ್ಲಿ, 2008ರಲ್ಲಿ, ರೊಲೆಂಜೆಯವರು ಆ ಗೌರವವನ್ನು ಬಿಟ್ಟುಕೊಟ್ಟು ಊಟಶಾಲೆಯನ್ನು ಮುಚ್ಚಿದರು. ಹಳೆಯ ಪೆಟ್ಟುಗಳಿಂದ ಬಳಲಿದ ದೇಹ ದಿನವೂ ಒಲೆಯ ಮುಂದೆ ನಿಲ್ಲಲು ಒಪ್ಪಲಿಲ್ಲ. ದೇಹ ಸೋತಾಗ ತಮ್ಮ ಹೆಸರಿನಲ್ಲಿ ಇತರರಿಂದ ಅಡುಗೆ ಮಾಡಿಸಿ ನಕ್ಷತ್ರಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ.

ಬಿಟ್ಟುಕೊಟ್ಟ ಮೇಲೆ ಅವರ ಮನಸ್ಸು ಮಸಾಲೆಯ ಅಂಗಡಿಯ ಕಡೆಗೂ ಕಡಲಿನ ಕಡೆಗೂ ತಿರುಗಿತು. ಅತಿಯಾಗಿ ಹಿಡಿದು ಸಮುದ್ರವನ್ನು ಬರಿದುಮಾಡಿದರೆ ಮೀನಿನ ಅಡುಗೆಯೂ ಇಲ್ಲ, ಬೆಸ್ತರ ಬದುಕೂ ಇಲ್ಲ. ಸಂತತಿ ಕುಂದಿದ ಮೀನನ್ನು ಬಾಣಲೆಗೆ ಹಾಕಬಾರದೆಂದು ಅವರು ತರುಣ ಬಾಣಸಿಗರಿಗೆ ಹೇಳುತ್ತ ಬಂದರು. ಮಗ ಹ್ಯೂಗೊ ಮೊದಲು ವ್ಯಾಪಾರದ ಹಡಗಿನಲ್ಲಿ ಅಧಿಕಾರಿಯಾಗಿದ್ದು, ಬಳಿಕ ಅಡುಗೆಮನೆಗೆ ಬಂದರು. ಕಾಂಕಾಲಿನ ಬಳಿ ಅದೇ ಕೊಲ್ಲಿಗೆ ಮುಖ ಮಾಡಿರುವ ಅವರ ‘ಲ ಕೊಕಿಯಾಜ್’ ಊಟಶಾಲೆಗೆ 2025ರಲ್ಲಿ ಮೂರು ನಕ್ಷತ್ರಗಳು ಬಂದವು. ತಂದೆ ಬಿಟ್ಟದ್ದನ್ನು ಮಗ ಪಿತ್ರಾರ್ಜಿತವಾಗಿ ಪಡೆಯಲಿಲ್ಲ, ದುಡಿದು ಪಡೆದರು.

ಇದು ಸಿರಿವಂತರ ಊಟ, ನಮಗೇಕೆ ಎಂದು ತಾವು ಕೇಳಬಹುದು. ಆ ಮೇಜಿನ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲವೆಂಬುದು ನಿಜ. ಆದರೆ ಅದರ ಹಿಂದಿರುವ ತತ್ತ್ವಕ್ಕೆ ಬೆಲೆಯಿಲ್ಲ. ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು ಸಾಧಿಸಿದನು. ಎಷ್ಟು ಸೊಗಸಾದ ಒಡವೆಯಾದರೂ ತನ್ನ ಸ್ಥಾನದಲ್ಲಿದ್ದರೇ ಶೋಭೆ. ಮಸಾಲೆ ಮೀನನ್ನು ಮೀರದಿರುವುದು, ಬಲೆ ಕಡಲನ್ನು ಮೀರದಿರುವುದು, ಕೀರ್ತಿ ಮನುಷ್ಯನನ್ನು ಮೀರದಿರುವುದು, ಈ ಮೂರೂ ಒಂದೇ ಔಚಿತ್ಯದ ಮೂರು ಮುಖಗಳು. ಮೆಣಸಿಗಾಗಿ ಹಡಗು ಹತ್ತಿ ಬಂದ ಹಿಂದಿನವರಿಗೆ ಈ ಮಿತಿ ತಿಳಿದಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವ ನಮ್ಮ ಮನೆಯ ತಾಯಂದಿರು ಮಾತ್ರ ಅದನ್ನು ಎಂದಿನಿಂದಲೂ ಬಲ್ಲರು. ಅವರ ಕೈಯ ಚಿಟಿಕೆಯೇ ಅದಕ್ಕೆ ಅಳತೆ.