ಮೊದಲ ಸಲ ವ್ಯಾಪಾರಕ್ಕೆ ಇಳಿಯುವವರಿಗೆ ಒಬ್ಬ ವೈದ್ಯನ ಮಾತು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ಮಾತಾಡಿ ಎಂದಿದ್ದರೆ ನನಗೆ ಸುಲಭವಿತ್ತು. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂದು ಹೇಳಿ, ಊಟದ ಸಾಲಿನಲ್ಲಿ ನಾನೇ ಎರಡನೇ ಹೋಳಿಗೆ ಹಾಕಿಸಿಕೊಳ್ಳಬಹುದಿತ್ತು. ಆದರೆ ಕಾರ್ಯದರ್ಶಿಗಳು, "ಮೊದಲ ಸಲ ಸಣ್ಣ ವ್ಯಾಪಾರ ಶುರು ಮಾಡುವವರಿಗೆ ನಾಲ್ಕು ಮಾತು ಹೇಳಿ" ಎಂದರು. ಈ ಪಾಠ ಎಂ.ಬಿ.ಬಿ.ಎಸ್.ನಲ್ಲಿ ಇರಲಿಲ್ಲ, ರೆಸಿಡೆನ್ಸಿಯಲ್ಲೂ ಇರಲಿಲ್ಲ. ಸ್ವಂತ ಕ್ಲಿನಿಕ್ ತೆರೆದು, ಪೆಟ್ಟು ತಿಂದು ಕಲಿತದ್ದನ್ನಷ್ಟೇ ಹೇಳಬಲ್ಲೆ.

ರೆಸಿಡೆನ್ಸಿ ಮುಗಿಸಿ ಎಂಟು ವರ್ಷ ಲಾಸ್ ಏಂಜಲಿಸ್‌ನಲ್ಲಿ ಸಂಬಳಕ್ಕೆ ದುಡಿದೆ. ಆಮೇಲೆ ಸ್ಯಾನ್ ಡಿಯಾಗೋಗೆ ಬಂದು ಸ್ವಂತ ಬೋರ್ಡು ಹಾಕುವ ಆಸೆಯಾಯಿತು. ಒಳ್ಳೆಯ ಜಾಗ ಹುಡುಕಿದೆ, ಐದು ವರ್ಷದ ಲೀಸಿಗೆ ಸಹಿ ಹಾಕಿದೆ, ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡೆ, ಗಣಪತಿ ಪೂಜೆ ಮಾಡಿಸಿ ಬಾಗಿಲು ತೆಗೆದೆ. ಇಲ್ಲಿ ರೋಗಿಯ ಬಿಲ್ಲನ್ನು ಹೆಚ್ಚಾಗಿ ಕೊಡುವುದು ವಿಮಾ ಕಂಪನಿ. ಹಳೆಯ ಕೆಲಸದಲ್ಲಿದ್ದಾಗಿನ ಒಪ್ಪಂದ ಹೊಸ ಕ್ಲಿನಿಕ್ಕಿಗೆ ತಾನಾಗಿ ಬರುವುದಿಲ್ಲ, ಪಟ್ಟಿಗೆ ಮತ್ತೆ ಹೆಸರು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ತಿಂಗಳು ಕಾದೆ. ಬಾಡಿಗೆ ಕಾಯಲಿಲ್ಲ, ಸಂಬಳ ಕಾಯಲಿಲ್ಲ. ಲೀಸಿನ ಹಿಂದಿನ ಪುಟ ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ಬಾಡಿಗೆಯ ಮೇಲೆ ಕಟ್ಟಡದ ತೆರಿಗೆ, ವಿಮೆ, ರಿಪೇರಿಯ ಪಾಲೂ ನನ್ನದೇ. ಇಲ್ಲಿಯವರು ಅದನ್ನು 'ಟ್ರಿಪಲ್ ನೆಟ್' ಎನ್ನುತ್ತಾರೆ. ಜೊತೆಗೆ ವೈಯಕ್ತಿಕ ಜಾಮೀನು ಬೇರೆ ಕೊಟ್ಟಿದ್ದೆ. ಕ್ಲಿನಿಕ್ ಮುಚ್ಚಿದರೂ ಸಾಲ ನಮ್ಮ ಮನೆಯ ಬಾಗಿಲಿಗೇ ಬರುತ್ತಿತ್ತು.

ಒಂದು ರಾತ್ರಿ ನಮ್ಮ ಸಂಘದ ಹಿರಿಯರೊಬ್ಬರು, ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು, ನಮ್ಮ ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಒಂದೇ ಪ್ರಶ್ನೆ ಕೇಳಿದರು. "ಡಾಕ್ಟ್ರೇ, ನಾಳೆಯಿಂದ ಒಂದು ಡಾಲರೂ ಬರದಿದ್ದರೆ ಎಷ್ಟು ದಿನ ಬಾಗಿಲು ತೆಗೀತೀರಿ?" ನನಗೆ ಗೊತ್ತಿರಲಿಲ್ಲ. ಮಗಳ ಶಾಲೆಯ ನೋಟುಬುಕ್ಕು ತೆಗೆದು ಲೆಕ್ಕ ಹಾಕಿದೆವು. ಉತ್ತರ 23 ದಿನ. ನನ್ನ ಹೆಂಡತಿ ಏನೂ ಮಾತಾಡದೆ ಎದ್ದು ಕಾಫಿಗೆ ಇಟ್ಟಳು. ಆ ಮೌನ ನನಗೆ ಇನ್ನೂ ನೆನಪಿದೆ. ಮುಂದಿನ ಆರು ತಿಂಗಳು ಹಗಲು ಕ್ಲಿನಿಕ್, ಶನಿವಾರ-ಭಾನುವಾರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಸಂಬಳ ಕೊಟ್ಟೆ. ಹೇಗೋ ಉಳಿದುಕೊಂಡೆವು.

ನನ್ನ ಕ್ಲಿನಿಕ್ಕಿಗೆ ರೋಗಿಗಳು ಇರಲಿಲ್ಲವೆಂದಲ್ಲ. ದುಡ್ಡು ಹೋಗುವ ದಿನ ಮೊದಲು, ಬರುವ ದಿನ ಆಮೇಲೆ. ಈ ನಡುವಿನ ಕಂದರದಲ್ಲಿ ಚೆನ್ನಾಗಿ ನಡೆಯಬೇಕಾದ ವ್ಯಾಪಾರವೂ ಬಿದ್ದುಹೋಗುತ್ತದೆ. ಇಂದು ನಾನು ಹೇಳಬೇಕಾದದ್ದು ಇಷ್ಟೇ. ಆ ಅಂತರವನ್ನು ಮೊದಲು ಅಳೆಯಿರಿ, ಅದನ್ನು ದಾಟುವಷ್ಟೇ ಸಣ್ಣದಾಗಿ ಶುರು ಮಾಡಿ.

ಇದನ್ನು ನಮಗಿಂತ ಮೊದಲು ಅರಿತ ವೈದ್ಯರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ಡಾ. ಟಿ.ಎಂ.ಎ. ಪೈ ಅವರು 1925ರಲ್ಲಿ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಒಂದು ಪುಟ್ಟ ಬ್ಯಾಂಕು ಆರಂಭಿಸಿದರು. ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶ. ದಿನಗೂಲಿಯವನ ಕೈಯಲ್ಲಿ ತಿಂಗಳ ಕೊನೆಗೆ ಏನು ಉಳಿದೀತು? ಅದಕ್ಕೇ 1928ರಲ್ಲಿ ಪಿಗ್ಮಿ ಠೇವಣಿ ತಂದರು. ಬ್ಯಾಂಕಿನವರೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಅಂದರೆ ದುಡ್ಡು ಕೈಯಲ್ಲಿರುವ ದಿನವೇ ಅದನ್ನು ಹಿಡಿದಿಟ್ಟರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದವರೂ ಅವರೇ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ನಮ್ಮ ಮನೆಗಳಿಗೆ ಬರೋಣ. ಯುಗಾದಿಗೆ ನಮ್ಮ ಅಕ್ಕಂದಿರು ಮಾಡಿದ ಬಿಸಿಬೇಳೆಬಾತ್ ತಿಂದವರೆಲ್ಲ, "ಆರ್ಟೀಷಿಯಾದಲ್ಲಿ ಒಂದು ಹೋಟೆಲ್ ಇಡ್ರೀ" ಎನ್ನುತ್ತಾರೆ. ಹೊಗಳುವವರೆಲ್ಲ ಗಿರಾಕಿಗಳಲ್ಲ. ಪಯೋನಿಯರ್ ಬುಲೆವಾರ್ಡ್‌ನಲ್ಲಿ ಬಾಡಿಗೆ ಹಿಡಿಯುವ ಮೊದಲು ಮನೆಯಿಂದಲೇ ಪರೀಕ್ಷೆ ಮಾಡುವ ದಾರಿ ಈ ರಾಜ್ಯದಲ್ಲಿದೆ. 2013ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಒಣ ಮಸಾಲೆ ಪುಡಿಯಂಥ, ಫ್ರಿಜ್ ಬೇಡದ ಕೆಲವು ಪದಾರ್ಥಗಳನ್ನು ಕೌಂಟಿಯಲ್ಲಿ ನೋಂದಾಯಿಸಿ ಮನೆಯಲ್ಲೇ ತಯಾರಿಸಿ ಮಾರಬಹುದು. ಯಾವುದು ಪಟ್ಟಿಯಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಬಿಸಿ ಊಟಕ್ಕೆ 2018ರಲ್ಲಿ ಬೇರೆ ಕಾನೂನಾಯಿತು. ಸ್ಯಾನ್ ಡಿಯಾಗೋ ಕೌಂಟಿ 2022ರಲ್ಲಿ, ಲಾಸ್ ಏಂಜಲಿಸ್ ಕೌಂಟಿ 2024ರಲ್ಲಿ ಅದಕ್ಕೆ ಪರವಾನಗಿ ಕೊಡಲು ಶುರು ಮಾಡಿದವು. ದಿನಕ್ಕೆ 30, ವಾರಕ್ಕೆ 90 ಊಟದ ಮಿತಿ. ಆಹಾರ ಸುರಕ್ಷತೆಯ ಪರೀಕ್ಷೆ ಪಾಸು ಮಾಡಬೇಕು, ಅಡಿಗೆಮನೆಯ ತಪಾಸಣೆಯಾಗಬೇಕು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ವಾರಕ್ಕೆ 40 ಊಟ, ಒಂದಕ್ಕೆ 15 ಡಾಲರ್, ಒಟ್ಟು 600. ದಿನಸಿ, ಡಬ್ಬಿ, ಪೆಟ್ರೋಲು, ವಿಮೆ ಸೇರಿ 300 ಹೋಯಿತೆನ್ನಿ. ಉಳಿದದ್ದು 300. ಸಂತೋಷ. ಆದರೆ ಅದಕ್ಕೆ 30 ಗಂಟೆ ದುಡಿದಿದ್ದರೆ ಗಂಟೆಗೆ ಬಂದದ್ದು 10 ಡಾಲರ್, ಈ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ! ನಮ್ಮ ಹೆಣ್ಣುಮಕ್ಕಳು ತಮ್ಮ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದಯವಿಟ್ಟು ಹಿಡಿಯಿರಿ. ಆಗ ಬೆಲೆ ಏರಿಸಬೇಕೋ, ಬಗೆ ಕಡಿಮೆ ಮಾಡಬೇಕೋ, ಬಿಡಬೇಕೋ ತಾನಾಗಿ ಗೊತ್ತಾಗುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ಮೊದಲನೆಯದು ವೀಸಾ. ಎಚ್-1, ಎಚ್-4 ವೀಸಾದಲ್ಲಿರುವವರು ವಕೀಲರನ್ನು ಕೇಳದೆ ಒಂದು ಡಬ್ಬಿ ಚಟ್ನಿಪುಡಿಯನ್ನೂ ಮಾರಬೇಡಿ. ವ್ಯಾಪಾರದ ಆಸೆಗೆ ಇಡೀ ಸಂಸಾರದ ನೆಲೆ ಪಣಕ್ಕಿಡಬಾರದು. ಎರಡನೆಯದು, ಎಲ್.ಎಲ್.ಸಿ. ಮಾಡಿದರೆ ಆದಾಯ ಬರಲಿ ಬಿಡಲಿ, ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ 800 ಡಾಲರ್ ಕಟ್ಟಲೇಬೇಕು. ಮೂರನೆಯದು, ಒಬ್ಬನೇ ಒಬ್ಬ ಕೆಲಸಗಾರನಿದ್ದರೂ ಅಪಘಾತ ಪರಿಹಾರದ ವಿಮೆ ಕಡ್ಡಾಯ. ನಾಲ್ಕನೆಯದು, ಗಿರಾಕಿಯಿಂದ ಪಡೆದ ಮಾರಾಟ ತೆರಿಗೆ ನಮ್ಮ ದುಡ್ಡಲ್ಲ. ಅದನ್ನು ಬೇರೆ ಖಾತೆಯಲ್ಲಿಡಿ. ಸ್ವಂತ ಆದಾಯದ ತೆರಿಗೆಯನ್ನೂ ವರ್ಷದ ಕೊನೆಗೆ ಬಿಡದೆ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ ಕಂತುಗಳಲ್ಲಿ ಕಟ್ಟಿ. ಐದನೆಯದು, ಲೀಸನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ನಾನು ಉಳಿಸಿದ ಫೀಜಿಗಿಂತ ಕಳೆದುಕೊಂಡದ್ದು ಬಹಳ ಪಟ್ಟು ಹೆಚ್ಚು.

ಸಲಹೆ ಕೇಳಲು ಸಂಕೋಚ ಬೇಡ. 1964ರಲ್ಲಿ ಆರಂಭವಾದ 'ಸ್ಕೋರ್' ಎಂಬ ಸಂಸ್ಥೆಯಲ್ಲಿ ಅನುಭವಸ್ಥರು ಉಚಿತವಾಗಿ ಮಾರ್ಗದರ್ಶನ ಮಾಡುತ್ತಾರೆ. ನಾನು ಬಾಗಿಲು ತೆಗೆಯುವ ಮೊದಲು ಅಂಥವರ ಬಳಿ ಒಂದು ಗಂಟೆ ಕೂತಿದ್ದರೆ ಆರು ತಿಂಗಳ ರಾತ್ರಿ ಪಾಳಿ ತಪ್ಪುತ್ತಿತ್ತು. ರೋಗಿಗಳಿಗೆ "ಯಾಕೆ ಮೊದಲೇ ಬರಲಿಲ್ಲ?" ಎಂದು ಗದರುವ ನಾನೇ ತಡವಾಗಿ ಹೋದೆ.

ಸಂಘದವರಲ್ಲಿ ಒಂದು ಬಿನ್ನಹ. ನಮ್ಮವರು ಅಂಗಡಿ ಇಟ್ಟರೆ ಹೋಗಿ ಕೊಳ್ಳಿ, ಪೂರ್ತಿ ಬೆಲೆ ಕೊಡಿ, ಆ ದಿನವೇ ಕೊಡಿ. "ನಮ್ಮವರು ತಾನೇ, ಮುಂದಿನ ಹಬ್ಬಕ್ಕೆ ಕೊಟ್ಟರಾಯ್ತು" ಎನ್ನುವ ನಮ್ಮ ಸಲಿಗೆಯಿಂದಲೇ ಅವರ ಕಂದರ ಇನ್ನಷ್ಟು ಅಗಲವಾಗುತ್ತದೆ.

ಅಂದು ಪ್ರಶ್ನೆ ಕೇಳಿದ ಹಿರಿಯರು ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ಹೆಸರು ಹೇಳಿದರೆ ಬೈಯುತ್ತಾರೆ. ಊಟವಾದ ಮೇಲೆ ನಾವಿಬ್ಬರೂ ಬಾಗಿಲ ಬಳಿಯ ಮೇಜಿನಲ್ಲಿ ಇರುತ್ತೇವೆ. ವ್ಯಾಪಾರದ ಆಲೋಚನೆ ಇರುವವರು ಒಂದು ನೋಟುಬುಕ್ಕು ತನ್ನಿ. ಮೊದಲ ಪ್ರಶ್ನೆ ಯಾವುದೆಂದು ನಿಮಗೆ ಈಗಾಗಲೇ ಗೊತ್ತು.