ಗುಡ್ಡದ ಸೈಕಲ್ ದಾರಿ ಮತ್ತು ಮಳೆನೀರು

ಈಗಷ್ಟೇ ಕಸೂತಿ, ಟೆರೇಸ್ ಗಾರ್ಡನ್ ಬಗ್ಗೆ ಚೆಂದದ ಮಾತು ಕೇಳಿದೆವು. ನನ್ನದು ಗುದ್ದಲಿ, ಪಿಕಾಸಿಯ ಕಥೆ. ಶಿರಸಿ ಹತ್ತಿರದ ನನ್ನ ತವರುಮನೆಯ ಹಿಂದಿನ ಗುಡ್ಡದಲ್ಲಿ ಮೌಂಟನ್ ಬೈಕ್ ಓಡಿಸಲು ಸುಮಾರು 300 ಮೀಟರ್ ದಾರಿ ಮಾಡಿದ್ದೇವೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಇದೆಲ್ಲ ಯಾಕೆ ಎಂದು ನೀವು ಕೇಳುವ ಮೊದಲೇ ನಮ್ಮ ಚಿಕ್ಕಪ್ಪ ಕೇಳಿಯಾಗಿದೆ.

ಹನ್ನೊಂದು ವರ್ಷದ ಮಗಳಿಗೆ ಗೇರ್ ಸೈಕಲ್ ಇದೆ, ಓಡಿಸಲು ಜಾಗವಿಲ್ಲ. ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಎಷ್ಟು ಸುತ್ತು ಹಾಕಿಯಾಳು? ವೇತಾಳ ಟೇಕಡಿಯಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರ ನಡುವೆ ಇಳಿಜಾರಿನಲ್ಲಿ ಸೈಕಲ್ ಬಿಡುವುದು ನನಗೆ ಸರಿ ಕಾಣಲಿಲ್ಲ.

ಊರಲ್ಲೂ ಎಲ್ಲೆಂದರಲ್ಲಿ ಅಗೆಯುವಂತಿಲ್ಲ. ನಮ್ಮ ಕಡೆ ಅಡಿಕೆ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟ ಇರುತ್ತದೆ. ಸೊಪ್ಪು, ದರಕು ತರುವ ಹಕ್ಕಿದೆಯೇ ಹೊರತು ಅದು ಸ್ವಂತ ಆಸ್ತಿಯಲ್ಲ. ಹಾಗಾಗಿ ಪಹಣಿಯಲ್ಲಿ ಅಮ್ಮನ ಹೆಸರೇ ಇರುವ, ಹಳೆಯ ಗೇರುಮರಗಳ ಒಂದು ಎಕರೆ ಇಳಿಜಾರನ್ನು ಆರಿಸಿಕೊಂಡೆವು. ಮದುವೆಯಾಗಿ ಹೋದ ಮಗಳಿಗೆ ಇಲ್ಲೇನು ಕೆಲಸ ಎಂಬ ಗೊಣಗು ಕಿವಿಗೆ ಬಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, 2005ರಲ್ಲಿ ಕೇಂದ್ರವೂ ತಂದಿತು. ಗೊಣಗು ಮಾತ್ರ ಇನ್ನೂ ತಿದ್ದುಪಡಿಯಾಗಿಲ್ಲ! ಅದಿರಲಿ, ಜಮೀನು ಅಮ್ಮನದು, ಒಪ್ಪಿಗೆಯೂ ಅಮ್ಮನದೇ ಬೇಕಿತ್ತು.

ಅಮ್ಮ ಹೇಳಿದ್ದು ಇಷ್ಟು: “ನೀನು ರಜೆ ಮುಗಿಸಿ ಪುಣೆಗೆ ಹೋಗ್ತೀ. ಮಳೆಗಾಲದಲ್ಲಿ ಇಲ್ಲಿರೋದು ನಾನು. ಕೆಳಗಿನ ಮನೆಯವರ ತೋಟಕ್ಕೆ ಒಂದು ಬುಟ್ಟಿ ಮಣ್ಣು ಇಳಿದರೂ ಉತ್ತರ ಹೇಳೋಳು ನಾನೇ.”

ತೋಟದ ಬಸಿಗಾಲುವೆಯಲ್ಲಿ ಹೂಳು ತುಂಬಿದರೆ ನೀರು ನಿಲ್ಲುತ್ತದೆ, ಅಡಿಕೆಯ ಬೇರು ಕೊಳೆಯುತ್ತದೆ. ಒಂದು ಮನೆಯ ವರ್ಷದ ಫಸಲಿನ ಪ್ರಶ್ನೆ ಅದು. ನನ್ನ ಮಗಳ ಖುಷಿಗಾಗಿ ಇನ್ನೊಬ್ಬರ ಹೊಟ್ಟೆಯ ಮೇಲೆ ಮಣ್ಣು ಸುರಿಯುವುದಕ್ಕಾಗುತ್ತದೆಯೇ?

ಆದ್ದರಿಂದ ದಾರಿಯ ಲೆಕ್ಕವೆಲ್ಲ ನೀರಿನ ಲೆಕ್ಕವಾಯಿತು. ಗುಡ್ಡದ ಇಳಿಜಾರಿಗೆ ನೇರವಾಗಿ ದಾರಿ ಕಡಿದರೆ ಎರಡು ಮಳೆಗಾಲದಲ್ಲಿ ಅದು ಹಳ್ಳ. 1988ರಲ್ಲಿ ಅಮೆರಿಕದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಕಲಿಸುವ ಒಂದು ಅರ್ಧದ ನಿಯಮವಿದೆ. ದಾರಿಯ ಇಳಿತ ಗುಡ್ಡದ ಇಳಿತದ ಅರ್ಧವನ್ನು ಮೀರಬಾರದು. ನಮ್ಮ ಗುಡ್ಡ ನೂರು ಮೀಟರಿಗೆ 16 ಮೀಟರ್ ಇಳಿಯುತ್ತದೆ, ಆದ್ದರಿಂದ ದಾರಿಗೆ ಎಂಟೇ. ಅಡ್ಡಡ್ಡವಾಗಿ, ಹಾವಿನಂತೆ ಸುತ್ತಿಕೊಂಡು ಇಳಿಯಬೇಕು. ದಾರಿಯ ಅಗಲ 90 ಸೆಂಟಿಮೀಟರ್. ಹೊರ ಅಂಚು ಒಳ ಅಂಚಿಗಿಂತ ನಾಲ್ಕೈದು ಸೆಂಟಿಮೀಟರ್ ತಗ್ಗಿರಬೇಕು, ಆಗ ನೀರು ದಾರಿಗುಂಟ ಓಡದೆ ಅಡ್ಡ ದಾಟಿ ಹುಲ್ಲಿಗೆ ಇಳಿಯುತ್ತದೆ. ಹತ್ತು ಹದಿನೈದು ಮೀಟರಿಗೊಮ್ಮೆ ದಾರಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಮತ್ತೆ ಇಳಿಸಬೇಕು. ತಪ್ಪಿಸಿಕೊಂಡು ಬಂದ ನೀರೂ ಅಲ್ಲಿ ಹೊರಗೆ ಬೀಳುತ್ತದೆ. ಸೈಕಲ್ ಹೊಡೆಯುವವರಿಗೆ ಆ ಏರಿಳಿತವೇ ಮಜಾ!

ಇದನ್ನೆಲ್ಲ ಮೊಬೈಲ್ ಆ್ಯಪ್‌ನಲ್ಲಿ ಅಳೆಯುತ್ತಿದ್ದೆ. ಅಮ್ಮ ಊರಿನ ಗಾರೆ ಮೇಸ್ತ್ರಿಯನ್ನು ಕರೆಸಿದಳು. ಅವರು ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು ಅರ್ಧ ದಿನದಲ್ಲಿ ಗೂಟ ಹೊಡೆದು ಮುಗಿಸಿದರು. ನನ್ನ ಎಂ.ಟೆಕ್ ಆ ದಿನ ದಾರ ಹಿಡಿದುಕೊಂಡು ನಿಂತಿತ್ತು. ಆಷಾಢದಲ್ಲಿ ಒರತೆ ಏಳುವ ಎರಡು ಜಾಗಗಳನ್ನು ಅಮ್ಮ ಬೊಟ್ಟುಮಾಡಿ ತೋರಿಸಿದಳು. ಒಣಗಿದ ನೆಲದಲ್ಲಿ ಅವು ಯಾವ ಆ್ಯಪ್‌ಗೂ ಕಾಣುವಂಥವಲ್ಲ. ದಾರಿ ಅವೆರಡನ್ನೂ ಮೇಲಿನಿಂದ ಬಳಸಿ ಹೋಯಿತು.

ಅಗೆದದ್ದು ದೀಪಾವಳಿ ರಜೆಯಲ್ಲಿ. ಆಗ ಕೆಂಪು ಮಣ್ಣಿನಲ್ಲಿ ಇನ್ನೂ ಹಸಿ ಇರುತ್ತದೆ, ಹೊಡೆದರೆ ಗಟ್ಟಿಯಾಗಿ ಕೂರುತ್ತದೆ. ಏಪ್ರಿಲ್‌ನಲ್ಲಾದರೆ ಬರೀ ಧೂಳು. ಗುಡ್ಡವನ್ನು ಒಳಕ್ಕೆ ಕಡಿದು ಮೆಟ್ಟಿಲಿನಂತೆ ಮಾಡಿದೆವು. ಕಡಿದ ಮಣ್ಣನ್ನು ಕೆಳ ಅಂಚಿಗೆ ರಾಶಿ ಹಾಕಲಿಲ್ಲ, ಮೊದಲು ಕೊಚ್ಚಿಹೋಗುವುದೇ ಅದು. ತಿರುವುಗಳಿಗೆ ಬದು ಕಟ್ಟಲು ಬಳಸಿದೆವು. ಅಂಗಳ ಹೊಡೆಯುವ ಪೆಟ್ಟುಮಣೆಯೇ ನಮ್ಮ ರೋಲರ್. ಗೇರಿನ ಬೇರು ಸಿಕ್ಕಲ್ಲಿ ಕಡಿಯದೆ ಬದಿಗೆ ಸರಿದೆವು. ಹಾರುವ ದಿಬ್ಬಗಳನ್ನು ಮಾಡಲೇ ಇಲ್ಲ, ಆಸ್ಪತ್ರೆ ದೂರವಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಬಂದ್. ಅಮ್ಮ ದಣಪೆ ಹಾಕಿಬಿಡುತ್ತಾಳೆ. ನೆನೆದ ಮಣ್ಣಿನಲ್ಲಿ ಚಕ್ರ ಬಿಟ್ಟರೆ ಗೀರು ಬೀಳುತ್ತದೆ, ಗೀರೇ ಕಾಲುವೆಯಾಗುತ್ತದೆ.

ಮೊದಲ ಮಳೆಗಾಲದಲ್ಲಿ ಕೆಳಗಿನ ಮನೆಯ ಅಜ್ಜ ಕೊಡೆ ಹಿಡಿದು ಮೂರು ಸಲ ಬಂದು ನೋಡಿ ಹೋದರಂತೆ, ಮಾತಾಡಲಿಲ್ಲವಂತೆ. ನವರಾತ್ರಿಗೆ ನಾನು ಹೋದಾಗ ಅವರ ಬಸಿಗಾಲುವೆಯ ನೀರು ತಿಳಿಯಾಗಿಯೇ ಹರಿಯುತ್ತಿತ್ತು. ಅಜ್ಜ ತಮ್ಮ ಇಬ್ಬರು ಮೊಮ್ಮಕ್ಕಳನ್ನು ಕಳಿಸಿದರು. ಅವರ ಹಿಂದೆಯೇ ಸೊಸೆಯೂ ಬಂದು, ಹೆಂಗಸರು ಹೊಡೆಯಬಹುದಾ ಎಂದು ಕೇಳಿದಳು. ಈ ಸಲ ಇಲ್ಲಿಂದ ದೊಡ್ಡವರ ಅಳತೆಯ ಹೆಲ್ಮೆಟ್ ಎರಡು ತೆಗೆದುಕೊಂಡು ಹೋಗುತ್ತಿದ್ದೇನೆ. ಒಂದು ಅವಳಿಗೆ. ಇನ್ನೊಂದು ಯಾರಿಗೆಂದು ಅಮ್ಮನಿಗೆ ಇನ್ನೂ ಹೇಳಿಲ್ಲ.